ಗೆಣ್ಣು ದಾಟುವ ಉಂಗುರ

ಮದುವೆಯಾದ ಹೊಸದರಲ್ಲಿ ನನ್ನ ಗಂಡ ಎಚ್ಚರವಾಗಿರುವುದನ್ನು ನಾನು ನೋಡುತ್ತಿದ್ದದ್ದು ಹೆಚ್ಚಾಗಿ ರಸ್ತೆಯಲ್ಲೇ. ಪೀಣ್ಯದ ಒಂದು ಲೇತ್ ಕಾರ್ಖಾನೆಯಲ್ಲಿ ಅವರಿಗೆ ಕಾಯಂ ರಾತ್ರಿ ಪಾಳಿ. ನನಗೆ ಗಾರ್ಮೆಂಟ್ಸ್‌ನಲ್ಲಿ ಹಗಲು ಕೆಲಸ, ಹೊಲಿದು ಬಂದ ಅಂಗಿಗಳನ್ನು ಟೇಪು ಹಿಡಿದು ಅಳೆಯುವ ಚೆಕಿಂಗ್. ಬೆಳಿಗ್ಗೆ ನಾನು ಬಸ್ಸಿಗೆ ಕಾಯುತ್ತಾ ನಿಂತಿರುವಾಗ ಅವರು ಪಾಳಿ ಮುಗಿಸಿ ಬರುತ್ತಿದ್ದರು. ನಮ್ಮ ಬಾಡಿಗೆ ಕೋಣೆಗೆ ಇದ್ದದ್ದು ಒಂದೇ ಬೀಗದ ಕೈ. ಅದನ್ನು ಅವರ ಕೈಗಿಟ್ಟು, "ರೊಟ್ಟಿ ಡಬ್ಬಿಯೊಳಗ ಅದಾವು, ಪಲ್ಯ ಬಿಸಿ ಮಾಡ್ಕೋರಿ" ಅನ್ನುವಷ್ಟರಲ್ಲಿ ಬಸ್ಸು ಬಂದುಬಿಡುತ್ತಿತ್ತು. ಸಂಜೆ ನಾನು ಮನೆ ಸೇರುವ ಹೊತ್ತಿಗೆ ಅವರು ಹೊರಟಾಗಿರುತ್ತಿತ್ತು. ಬೀಗದ ಕೈ ಕೆಳಗಿನ ಮನೆಯ ಓನರ್ ಅಜ್ಜಿಯ ಹತ್ತಿರ ಸಿಗುತ್ತಿತ್ತು. "ಅಲ್ಲ ಕಣಮ್ಮಾ, ನಿಮ್ಮಿಬ್ರುನ್ನೂ ಜೊತೇಲಿ ಒಂದ್ ದಿನಾನೂ ನೋಡ್ನಿಲ್ವಲ್ಲ" ಎಂದು ಅಜ್ಜಿ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ರಜೆಗಳಾದರೂ ಒಂದೇ ದಿನ ಬೀಳಬಾರದೇ? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಅವರದು ಬುಧವಾರ, ನನ್ನದು ಭಾನುವಾರ. ಬುಧವಾರ ಸಂಜೆ ನಾನು ಬರುವ ಹೊತ್ತಿಗೆ ಅವರು ವಾರದ ನಿದ್ದೆಯನ್ನೆಲ್ಲ ಒಟ್ಟಿಗೆ ಮಾಡುತ್ತಾ ಮಲಗಿರುತ್ತಿದ್ದರು. ಭಾನುವಾರ ಅವರು ಮನೆಯಲ್ಲೇ ಇರುತ್ತಿದ್ದರು ನಿಜ, ಆದರೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಕುಕ್ಕರ್ ಕೂಗಿದರೆ ಎಚ್ಚರವಾದೀತೆಂದು ನಾನು ಪಾತ್ರೆಯಲ್ಲೇ ಅನ್ನ ಬೇಯಿಸುತ್ತಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಮಲಗಿದ ಮನುಷ್ಯನ ಮೇಲೆ ಅದನ್ನು ತೋರಿಸುವುದಾದರೂ ಹೇಗೆ? ಬಟ್ಟೆ ಒಗೆಯುವ ಕಲ್ಲಿನ ಮೇಲೆ ತೋರಿಸುತ್ತಿದ್ದೆ.

ಹಾಗಿರುವಾಗ ಗದಗಿನ ಕಡೆಯ ನಮ್ಮೂರಿನಲ್ಲಿ ತಂಗಿಯ ಮದುವೆ ಗೊತ್ತಾಯಿತು. ಅವ್ವ ಫೋನಿನಲ್ಲಿ ಸೀರೆ, ಕುಪ್ಪಸ ಎಲ್ಲ ಮಾತಾಡಿ ಮುಗಿಸಿ ಕೊನೆಗೆ, "ಅಳಿಯಗ ಉಂಗುರ ಹಾಕ್ಕೊಂಡು ಬರಾಕ ಹೇಳು. ಬರೇ ಕೈಲೇ ಬಂದ್ರ ಮಾರ್ಕೊಂಡು ತಿಂದಾರ ಅಂತಾರ ಮಂದಿ" ಅಂದಳು. ಅದು ನಮ್ಮ ಮದುವೆಯಲ್ಲಿ ಅಪ್ಪ ಅಳಿಯನ ಬೆರಳಿಗೆ ಹಾಕಿದ್ದ ಉಂಗುರ. ಮಶೀನಿನ ಮುಂದೆ ನಿಲ್ಲುವವರು ಉಂಗುರ ಹಾಕುವಂತಿಲ್ಲ. ತಿರುಗುವ ಲೇತಿಗೆ ಅದು ಸಿಕ್ಕಿಕೊಂಡರೆ ಬೆರಳೇ ಹೋಗುತ್ತದೆ. ಪೀಣ್ಯಕ್ಕೆ ಬಂದ ವಾರವೇ ಅವರು ಅದನ್ನು ಬಿಚ್ಚಿ ನನಗೆ ಕೊಟ್ಟಿದ್ದರು, ನಾನು ಕುಂಕುಮದ ಡಬ್ಬಿಯಲ್ಲಿ ಇಟ್ಟಿದ್ದೆ. ಒಮ್ಮೆ ಸ್ಪ್ಯಾನರ್ ಜಾರಿ ಪೆಟ್ಟು ಬಿದ್ದಾಗಿನಿಂದ ಆ ಬೆರಳಿನ ಗೆಣ್ಣು ದಪ್ಪಗಾಗಿತ್ತು. ಈಗ ಹಾಕಿ ನೋಡಿದರೆ ಉಂಗುರ ಅರ್ಧಕ್ಕೇ ನಿಂತಿತು.

ದಿನವಿಡೀ ಕೊರಳುಪಟ್ಟಿ, ತೋಳು ಅಳೆಯುವವಳಿಗೆ ಒಂದು ಬೆರಳು ಯಾವ ಲೆಕ್ಕ ಅಂದುಕೊಂಡೆ. ಒಂದು ಭಾನುವಾರ ಮಧ್ಯಾಹ್ನ ಅವರು ಮಲಗಿರುವಾಗ ಪಕ್ಕದಲ್ಲಿ ಕುಳಿತು, ಕೈಯನ್ನು ಮೆಲ್ಲಗೆ ತೊಡೆಯ ಮೇಲಿಟ್ಟುಕೊಂಡು, ಬೆರಳ ಬುಡಕ್ಕೆ ದಾರ ಸುತ್ತಿ ಗಂಟು ಹಾಕಿದೆ. ಎಷ್ಟು ತೊಳೆದರೂ ಹೋಗದ ಎಣ್ಣೆಯ ವಾಸನೆ ಆ ಕೈಗೆ. ಉಗುರ ಸಂದಿಯಲ್ಲಿ ಕಪ್ಪು. ಅಳತೆ ಮುಗಿದರೂ ನಾನು ಕೈ ಬಿಡಲಿಲ್ಲ. ಅಷ್ಟು ಹೊತ್ತು ಆ ಕೈ ಹಿಡಿದು ಕೂತು ಎಷ್ಟೋ ತಿಂಗಳಾಗಿತ್ತು. ಎದ್ದು ಒಂದು ಮಾತಾಡಲಿ, ಬೈದರೂ ಪರವಾಗಿಲ್ಲ ಅನ್ನಿಸಿತು. ಅವರು ನಿದ್ದೆಯಲ್ಲೇ ಕೈ ಎಳೆದುಕೊಂಡು ಮಗ್ಗುಲಾದರು.

ದಾರ ಮತ್ತು ಉಂಗುರ ತೆಗೆದುಕೊಂಡು ಮುಖ್ಯರಸ್ತೆಯ ಪಕ್ಕದ ಗಲ್ಲಿಯಲ್ಲಿದ್ದ ಅಕ್ಕಸಾಲಿಗರ ಅಂಗಡಿಗೆ ಹೋದೆ. ನಮ್ಮ ಕಡೆ ಪತ್ತಾರರು ಅನ್ನುತ್ತೇವೆ, ಇಲ್ಲಿಯವರು ಆಚಾರ್ರು ಅನ್ನುತ್ತಾರೆ. ವಯಸ್ಸಾದವರು, ಕನ್ನಡಕ ಹಣೆಯ ಮೇಲೇ ಇರುತ್ತಿತ್ತು. ದಾರದ ಅಳತೆಗೆ ಸರಿಯಾಗಿ ಉಂಗುರ ದೊಡ್ಡದು ಮಾಡಿಕೊಟ್ಟರು. ಮನೆಗೆ ತಂದು ಹಾಕಿದರೆ ಮತ್ತೆ ಗೆಣ್ಣಿನಲ್ಲೇ ನಿಂತಿತು. ಮರುದಿನ ಸಂಜೆ ಕೆಲಸದಿಂದ ನೇರವಾಗಿ ಜಗಳಕ್ಕೇ ಹೋದೆ.

"ಬುಡ ಅಳ್ದಿದೀಯಲ್ಲಮ್ಮಾ, ಗೆಣ್ಣು ಯಾರು ಅಳೀಬೇಕು?" ಅಂದರು ಆಚಾರ್ರು, ಒಂದಿಷ್ಟೂ ಬೇಜಾರಿಲ್ಲದೆ. "ಮಲಗಿದ್ದಾಗ ಬೇರೆ ಅಳ್ದಿದೀಯ. ನಿದ್ದೇಲಿ ಬೆರಳು ಊದ್ಕೊಂಡಿರುತ್ತೆ, ಚಳಿಗೆ ಸಣ್ಣಗಾಗುತ್ತೆ. ಎದ್ದು, ಓಡಾಡಿ, ಟೀ ಕುಡ್ದಿರೋ ಮನುಷ್ಯನ್ನ ಕರ್ಕೊಂಡ್ ಬಾ. ಎಚ್ಚರವಾಗಿರೋ ಬೆರಳು ಬೇಕು ನಂಗೆ."

ನನಗೂ ಅದೇ ಬೇಕಾಗಿತ್ತು.

ಮುಂದಿನ ಭಾನುವಾರ ಅವರು ಒಂದು ತಾಸು ಮೊದಲೇ ಎದ್ದರು. ಮುಖ ತೊಳೆದು, ಇಸ್ತ್ರಿ ಅಂಗಿ ಹಾಕಿಕೊಂಡು, ಕಾರ್ಖಾನೆಗೆ ಒಯ್ಯುವ ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ನಾನು ತಲೆಗೆ ಹೂ ಮುಡಿದಿದ್ದೆ. ಓನರ್ ಅಜ್ಜಿ ಬಾಗಿಲಿಗೆ ಬಂದು ನಿಂತು ನೋಡಿದರು. ಅಂಗಡಿಯಲ್ಲಿ ಆಚಾರ್ರು ಅಳತೆ ಉಂಗುರಗಳ ಗೊಂಚಲು ತೆಗೆದು ಒಂದೊಂದೇ ತೊಡಿಸಿದರು. ಒಂದು ಗೆಣ್ಣು ದಾಟಲಿಲ್ಲ, ಇನ್ನೊಂದು ಕೈ ಕೊಡವಿದರೆ ನೆಲಕ್ಕೆ ಬಿತ್ತು. ನಡುವಿನದೊಂದನ್ನು ಹಾಕಿ ಆಚಾರ್ರು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ: "ಹಾಕೋವಾಗ ಗೆಣ್ಣಲ್ಲಿ ಒಂದ್ ಚೂರು ತಡೀಬೇಕು. ಕೂತ್ಮೇಲೆ ಇದೆ ಅನ್ನೋದೇ ಗೊತ್ತಾಗ್ಬಾರ್ದು. ತೆಗೆಯೋವಾಗ ಮಾತ್ರ ಸ್ವಲ್ಪ ಹಠ ಮಾಡ್ಬೇಕು. ಅದೇ ಅಳತೆ."

ಆ ಅಳತೆಗೆ ಉಂಗುರ ಸರಿಮಾಡಿಸಿಕೊಂಡು ಹೊರಗೆ ಬಂದು ನಮ್ಮ ಕಡೆಯವನೊಬ್ಬನ ಗಾಡಿಯಲ್ಲಿ ಗಿರ್ಮಿಟ್, ಮಿರ್ಚಿ ತಿಂದೆವು. ಖಾರಕ್ಕೆ ಅವರ ಕಣ್ಣಲ್ಲಿ ನೀರು. ಕಾರ್ಖಾನೆಯಲ್ಲಿ ಯಾರೋ ಡಬ್ಬಿಯಲ್ಲಿ ಹುಣಿಸೆಹಣ್ಣು ತಂದು ಉಪ್ಪು ಹಚ್ಚಿ ಚೀಪುವ ಕತೆ ಹೇಳಿದರು. ಅವರು ಮಾತಾಡುವಾಗ ಹುಬ್ಬು ಎತ್ತುತ್ತಾರೆ ಅನ್ನುವುದನ್ನೇ ನಾನು ಮರೆತಿದ್ದೆ. ಕಾರ್ಖಾನೆಯ ಗೇಟಿನವರೆಗೂ ಜೊತೆಗೆ ನಡೆದೆ.

ತಂಗಿಯ ಮದುವೆ ಚೆನ್ನಾಗಿ ನಡೆಯಿತು. ಉಂಗುರದ ಕೈಯಿಂದಲೇ ಇವರು ಮಂದಿಗೆ ಬೂಂದಿ ಬಡಿಸಿದರು, ಅವ್ವನಿಗೆ ಸಮಾಧಾನವಾಯಿತು. ಅಲ್ಲಿಗೆ ಮುಗಿಯಬೇಕಿತ್ತು. ಪೀಣ್ಯಕ್ಕೆ ವಾಪಸ್ಸಾದ ಮೇಲೆ ಒಂದು ಭಾನುವಾರ ಎದ್ದವರೇ, "ಉಂಗುರ ತಾ" ಅಂದರು. ಹಾಕಿಕೊಂಡು, ತಿರುಗಿಸಿ ನೋಡಿ, "ಯಾಕೋ ಬಿಗಿ ಆಗೈತಿ. ಪತ್ತಾರಗ ತೋರಿಸ್ಕೊಂಡು ಬರೂಣು ನಡಿ" ಅಂದರು. ಹೋಗಿ ತೋರಿಸಿ ಬಂದೆವು, ಮಿರ್ಚಿ ತಿಂದೆವು. ಆಮೇಲೊಂದು ಭಾನುವಾರ ಸಡಿಲ. ಮತ್ತೊಂದು ಭಾನುವಾರ ಬಿಗಿ. ಅಂಗಡಿಯಲ್ಲಿ ಆಚಾರ್ರು ಉಂಗುರ ಒಳಗೆ ಒಯ್ದು, ಸ್ವಲ್ಪ ಹೊತ್ತಿಗೆ ತಂದು ಕೊಡುತ್ತಿದ್ದರು. ಹಾಕಿಕೊಂಡು, "ಈಗ ಬರೋಬ್ಬರಿ ಆತು" ಅನ್ನುತ್ತಿದ್ದರು ಇವರು. ನನಗೆ ತಿರುಗಾಟ ಇಷ್ಟವೇ. ಆದರೆ ಬಂಗಾರ ಸವೆಯುತ್ತದಲ್ಲ ಎಂದು ಹೊಟ್ಟೆಯುರಿ. ಒಂದು ಸಂಜೆ ಒಬ್ಬಳೇ ಹೋಗಿ, "ನಿಮ್ ಕೈ ಸರಿ ಇಲ್ಲೇನ್ರಿ ಆಚಾರ್ರೇ?" ಎಂದು ಕೇಳಿಯೇ ಬಿಟ್ಟೆ.

ಆಚಾರ್ರು ಕನ್ನಡಕ ಕಣ್ಣಿಗೆ ಇಳಿಸಿ ನನ್ನನ್ನು ನೋಡಿದರು. "ಮೊದಲ್ನೇ ಸಲ ಅವ್ರ ಬೆರಳಿನ ಅಳತೆ ತಗೊಂಡು ಸರಿ ಮಾಡ್ಕೊಟ್ನಲ್ಲ, ಅದಾದ್ಮೇಲೆ ನಾನು ಅದಕ್ಕೆ ಸುತ್ತಿಗೇನೇ ಮುಟ್ಟಿಸಿಲ್ಲಮ್ಮ. ಬ್ರಶ್ ಹಾಕಿ ತಿಕ್ಕಿ ವಾಪಸ್ ಕೊಡ್ತೀನಿ ಅಷ್ಟೆ. ನಿಮ್ ಯಜಮಾನ್ರು ಹಾಕ್ಕೊಂಡು ಸರಿಹೋಯ್ತು ಅಂತಾರೆ. ಅದ್ಕೇ ಕಾಸೂ ಕೇಳಿಲ್ಲ ನಾನು."

ಲಾರಿಗಳ ಧೂಳಿನಲ್ಲಿ ಮನೆಯ ಕಡೆ ನಡೆಯುತ್ತಾ ನಾನು ಅತ್ತೆ. ನಿದ್ದೆಗೆಟ್ಟ ಮನುಷ್ಯ ನನಗಾಗಿ ವಾರಕ್ಕೊಂದು ತಾಸು ನಿದ್ದೆ ಬಿಟ್ಟು, ಅದನ್ನು ಬಾಯಿಬಿಟ್ಟು ಹೇಳಲಾರದೆ ಉಂಗುರದ ಮೇಲೆ ಹಾಕುತ್ತಿದ್ದರು. ಗೊತ್ತಾಯಿತೆಂದು ನಾನೂ ಹೇಳಲಿಲ್ಲ. ಮುಂದಿನ ಭಾನುವಾರ ಅವರು ಬಿಗಿ ಅಂದಾಗ, "ಆ ಪತ್ತಾರಗ ಕಣ್ಣ ಕಾಣಂಗಿಲ್ಲ" ಎಂದು ಬೈಯುತ್ತಲೇ ಹೂ ಮುಡಿದೆ.

ಈಗ ಆ ಕಾರ್ಖಾನೆ ಪೀಣ್ಯದಲ್ಲಿಲ್ಲ. ತುಮಕೂರಿನ ಆಚೆ ದೊಡ್ಡ ಜಾಗ ಸಿಕ್ಕಿತೆಂದು ಮಶೀನುಗಳನ್ನೆಲ್ಲ ಅಲ್ಲಿಗೆ ಸಾಗಿಸಿದರು. ಇವರೂ ಹೋದರು, ಅಲ್ಲಿ ಜೊತೆಯವರೊಂದಿಗೆ ಒಂದು ಕೋಣೆಯಲ್ಲಿದ್ದಾರೆ. ನಾನು ಗಾರ್ಮೆಂಟ್ಸ್ ಬಿಡುವಂತಿಲ್ಲ. ಹಲ್ಲಿದ್ದವರಿಗೆ ಕಡಲೆಯಿಲ್ಲ ಅನ್ನುತ್ತಾರಲ್ಲ, ಕೊನೆಗೂ ನಮ್ಮಿಬ್ಬರಿಗೆ ಒಂದೇ ದಿನ ರಜೆ ಬಂತು, ಆದರೆ ಮನೆ ಎರಡಾಯಿತು. ಬೆಳಿಗ್ಗೆ ಬಸ್ಸಿಗೆ ಕಾಯುವಾಗ ಈಗಲೂ ನನ್ನ ಕಣ್ಣು ಅವರು ಬರುತ್ತಿದ್ದ ತಿರುವಿನ ಕಡೆಗೇ ಹೋಗುತ್ತದೆ. ಬೀಗದ ಕೈ ಇಡೀ ದಿನ ನನ್ನ ಚೀಲದಲ್ಲೇ ಇರುತ್ತದೆ. ಅವರು ಭಾನುವಾರ ಬಂದು, ಊಟ ಮಾಡಿ, ಮಲಗಿ, ಸಂಜೆಯ ಬಸ್ಸಿಗೆ ಹೊರಡುತ್ತಾರೆ. ಕೆಲವು ಭಾನುವಾರ ಓವರ್‌ಟೈಮ್ ಅಂತ ಬರುವುದೂ ಇಲ್ಲ. ಎಷ್ಟೋ ದಿನದಿಂದ ಅವರು ಉಂಗುರ ಕೇಳಿಲ್ಲ.

ಹೋದ ಭಾನುವಾರ ನಾನೇ ಕುಂಕುಮದ ಡಬ್ಬಿ ತೆರೆದೆ. ಅವರು ಎದ್ದು ಗೋಡೆಗೆ ಒರಗಿ ಟೀ ಕುಡಿಯುತ್ತಿದ್ದರು. ಕೈ ಹಿಡಿದು ಉಂಗುರ ಹಾಕಿದೆ. ಗೆಣ್ಣಿನಲ್ಲಿ ಒಂದು ಚೂರು ತಡೆದು ಬುಡಕ್ಕೆ ಹೋಗಿ ಕೂತಿತು.

"ಹೆಂಗೈತ್ರಿ?" ಅಂದೆ.

"ಬರೋಬ್ಬರಿ ಐತಿ" ಅಂದರು, ಲೋಟದಿಂದ ಕಣ್ಣೆತ್ತದೆ.

ನನಗೆ ತಡೆಯಲಾಗಲಿಲ್ಲ. "ಎಲ್ಲಿ ಬರೋಬ್ಬರಿ? ಸಡ್ಲ ಆಗೈತಿ, ಕಾಣಂಗಿಲ್ಲೇನು? ಪತ್ತಾರಗ ತೋರಿಸ್ಕೊಂಡು ಬರೂಣು ನಡ್ರಿ" ಅಂದೆ.

ಅವರು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. ಉಂಗುರ ಹಿಡಿದು ಎಳೆದರು. ಗೆಣ್ಣಿನ ಹತ್ತಿರ ಅದು ಹಠ ಮಾಡಿತು, ಬರಲಿಲ್ಲ. ಇನ್ನೊಮ್ಮೆ ಎಳೆದು ನೋಡಿದರು.

"ಹೌದು, ಭಾಳ ಸಡ್ಲ ಆಗೈತಿ" ಎಂದು ಎದ್ದು, ಗೂಟದಲ್ಲಿದ್ದ ಇಸ್ತ್ರಿ ಅಂಗಿ ತೆಗೆದುಕೊಂಡರು.