ಹಳೆಯ ವಾಗ್ದಾನದ ಚೀಟಿ

ನನ್ನ ಅಕ್ಷರ ದುಂಡಗಿದೆ. ಅದೇ ನನಗೆ ಮುಳುವಾಯಿತು.

ಚೆನ್ನೈಯಲ್ಲಿ ತಮಿಳಿನ ವಾಗ್ದಾನದ ಚೀಟಿಗಳು ಬೇಕಾದಷ್ಟು ಸಿಗುತ್ತವೆ, ಹೂವು ಬೆಟ್ಟಗಳ ಚಿತ್ರ ಹಾಕಿ ಚೆಂದವಾಗಿ ಅಚ್ಚು ಮಾಡಿರುತ್ತಾರೆ. ಕನ್ನಡದವು ಸಿಗುವುದಿಲ್ಲ. ನಮ್ಮದು ತಾಂಬರಂನ ಒಂದು ಚಿಕ್ಕ ಕನ್ನಡ ಸಭೆ. ತಮಿಳರ ಆರಾಧನೆ ಮುಗಿದ ಮೇಲೆ ಅದೇ ಚರ್ಚಿನಲ್ಲಿ, ಅವರು ಬೆಚ್ಚಗೆ ಮಾಡಿಟ್ಟು ಹೋದ ಕುರ್ಚಿಗಳಲ್ಲೇ ನಾವು ಕೂರುತ್ತೇವೆ. ಹಾಗಾಗಿ ಪ್ರತಿ ಡಿಸೆಂಬರಿನಲ್ಲೂ ನಾನೇ ಕಾಗದ ಕತ್ತರಿಸಿ, ಒಂದೊಂದರ ಮೇಲೆ ದೇವರ ಒಂದೊಂದು ವಚನ ಬರೆದು, ಸುರುಳಿ ಸುತ್ತಿ ಬುಟ್ಟಿಗೆ ಹಾಕುತ್ತೇನೆ. ಹೊಸ ವರ್ಷದ ಬೆಳಗಿನ ಆರಾಧನೆಯಲ್ಲಿ ಬುಟ್ಟಿ ಸಾಲುಸಾಲಾಗಿ ಬರುತ್ತದೆ. ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಳ್ಳಬೇಕು. ಆ ವರ್ಷಕ್ಕೆ ದೇವರು ನಿಮಗೆ ಕೊಟ್ಟ ಮಾತು ಅದು. ಬದಲಿಸುವಂತಿಲ್ಲ.

ಇಲ್ಲೊಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಇಷ್ಟು ವರ್ಷ ನಾನು ಬರೆದದ್ದೆಲ್ಲ ಸಿಹಿ ವಚನಗಳೇ. ಕಷ್ಟ ಬರುತ್ತದೆ, ಶಿಲುಬೆ ಹೊರಬೇಕಾಗುತ್ತದೆ ಎನ್ನುವ ವಚನಗಳೂ ಇವೆಯಲ್ಲ, ಅವುಗಳಲ್ಲಿ ಒಂದನ್ನೂ ಬುಟ್ಟಿಗೆ ಹಾಕಿರಲಿಲ್ಲ. ಹೋಳಿಗೆ ಊಟಕ್ಕೆ ಕರೆದು ಹಾಗಲಕಾಯಿ ಬಡಿಸಲೇ ಎಂದುಕೊಳ್ಳುತ್ತಿದ್ದೆ.

ಒಂದು ಹೊಸ ವರ್ಷಕ್ಕೆ ನನ್ನ ಕೈಗೆ ಬಂದದ್ದು ಬಾಯಿ ತುಂಬ ನಗು ಕೊಡುತ್ತೇನೆ ಎಂಬ ಅರ್ಥದ ವಚನ. ಪಕ್ಕದಲ್ಲಿದ್ದ ನಮ್ಮ ಮನೆಯವರು ಬಗ್ಗಿ ನೋಡಿ, "ಇದು ನಿನಗ ಬಂದದ್ದಲ್ಲ ಬಿಡು, ನನಗ ಬಂದದ್ದು. ನೀ ಎಲ್ಲಿ ನಗ್ತಿ?" ಎಂದರು. ಸುಳ್ಳೇನಲ್ಲ. ನಮ್ಮ ಮನೆಯ ನಗುವಿನ ಖಾತೆ ಪೂರ್ತಿ ಅವರದೇ ಆಗಿತ್ತು. ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಕೆಲಸ. ಸಂಜೆ ಮನೆಗೆ ಬಂದು ತಟ್ಟೆಯ ಮುಂದೆ ಕೂತರೆ ಸ್ಟೇಷನ್ನಿನ ಹೆಣ್ಣುಧ್ವನಿ ತೆಗೆದು ಶುರುಮಾಡುವರು: "ದಯವಿಟ್ಟು ಗಮನಿಸಿ. ಅಡಿಗಿ ಮನಿಯಿಂದ ಬರಬೇಕಾದ ರೊಟ್ಟಿ ಇಪ್ಪತ್ತು ನಿಮಿಷ ತಡವಾಗಿ ಬರ್ತೈತಿ." ಅದನ್ನೇ ತಮಿಳಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಮೂರು ಭಾಷೆ ಮುಗಿಯುವ ಮೊದಲೇ ತಾವೇ ಬಿದ್ದು ಬಿದ್ದು ನಗುವರು. ನಾನು ಬೈಯುತ್ತಲೇ ರೊಟ್ಟಿ ಬಡಿಯುತ್ತಿದ್ದೆ.

ಏಪ್ರಿಲಿನ ಒಂದು ಬೆಳಿಗ್ಗೆ ಗಡ್ಡ ಬೋಳಿಸಿಕೊಳ್ಳುತ್ತಿದ್ದವರಿಗೆ ಲಕ್ವ ಹೊಡೆಯಿತು. ನೀರಿನ ಮಗ್ಗು ಬಿದ್ದ ಸದ್ದಿಗೆ ಓಡಿದೆ. ಅರ್ಧ ಮುಖಕ್ಕೆ ಸೋಪಿನ ನೊರೆ ಹಾಗೇ ಇತ್ತು, ಬಾಯಿಯ ಬಲಗಡೆ ಜಾರಿಹೋಗಿತ್ತು. ಆಸ್ಪತ್ರೆಯಿಂದ ಮನೆಗೆ ಕರೆತಂದಾಗ ಬಲಗೈ ಇಲ್ಲ, ಬಲಗಾಲು ಇಲ್ಲ, ಮಾತು ಇಲ್ಲ. "ಹಾಂ" ಎನ್ನುವ ಒಂದೇ ಸದ್ದು ಉಳಿದಿತ್ತು. ಮಾತು ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು. ಮಾತಿನ ಚಿಂತೆ ನನಗೆ ಅಷ್ಟಿರಲಿಲ್ಲ. ನಗು ಹೋಗಿತ್ತು. ಮಗಳು ಮೊಬೈಲಿನಲ್ಲಿ ಏನೇನೋ ತಮಾಷೆ ತೋರಿಸಿದಳು, ನಾನೂ ನನಗೆ ಬಾರದ ಮಂಗಾಟವೆಲ್ಲ ಆಡಿದೆ. ಅವರು ಗೋಡೆ ನೋಡುತ್ತ ಕೂರುತ್ತಿದ್ದರು.

ಆಮೇಲೆ ಬಂದರಪ್ಪ, ಸಮಾಧಾನ ಹೇಳುವವರು! ಒಬ್ಬರು ಮನೆಯಲ್ಲಿ ಯಾವುದೋ ಮುಚ್ಚಿಟ್ಟ ಪಾಪ ಇರಬೇಕು, ಅರಿಕೆ ಮಾಡಿಕೊಳ್ಳಿ ಎಂದರು. ನಮ್ಮ ಮನೆಯವರ ಪಾಪ ಏನಿದ್ದರೂ ಕೂಗಿ ಮಾಡುವಂಥದ್ದು, ಮುಚ್ಚಿಡುವ ಜಾಯಮಾನವೇ ಅಲ್ಲ ಎಂದೆ. ಸಭೆಯ ಹಿರಿಯರೊಬ್ಬರು ನಾನು ಕೊಟ್ಟ ಕಾಫಿ ಹೀರುತ್ತ, "ದೇವ್ರು ತಾನು ಪ್ರೀತಿ ಮಾಡೋರನ್ನ ಪರೀಕ್ಷೆ ಮಾಡ್ತಾನ್ರೀ" ಎಂದರು. ಅವರಿಗೆ ಎಪ್ಪತ್ತು ದಾಟಿದೆ, ಒಂದು ಹಲ್ಲೂ ಅಲ್ಲಾಡಿಲ್ಲ.

"ಹಂಗಾದ್ರ ನಿಮ್ಮನ್ನ ಅಷ್ಟು ಪ್ರೀತಿ ಮಾಡಂಗಿಲ್ಲೇನ್ರೀ?" ಎಂದು ಕೇಳಿಬಿಟ್ಟೆ.

ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಮಗಳು ಒಳಗೆ ಬಂದು, "ಅಮ್ಮಾ, ಪೋದುಂ" ಎಂದಳು. ಸಾಕು ಅಂತೆ. ಅವಳು ಹುಟ್ಟಿದ್ದು ಓದಿದ್ದು ಎಲ್ಲ ಇಲ್ಲೇ. ನಾನು ಗದಗಿನ ಕನ್ನಡದಲ್ಲಿ ಬೈದರೆ ಅವಳು ತಮಿಳಿನಲ್ಲಿ ಸಮಾಧಾನ ಮಾಡುತ್ತಾಳೆ.

ಮನುಷ್ಯರನ್ನು ಬಿಟ್ಟು ದೇವರನ್ನು ಹಿಡಿದುಕೊಂಡೆ. ಇವರಿಗೆ ನುಂಗಲು ಕಷ್ಟವಾದ್ದರಿಂದ ದಿನಾ ಬೆಳಿಗ್ಗೆ ಗಂಜಿಯನ್ನು ಗಂಟಿಲ್ಲದ ಹಾಗೆ ತಿರುವಬೇಕಿತ್ತು. ಚೀಟಿಯನ್ನು ಒಲೆಯ ಹಿಂದಿನ ಗೋಡೆಗೆ ಅಂಟಿಸಿಕೊಂಡು, ತಿರುವುತ್ತ ಕೇಳುತ್ತಿದ್ದೆ: ಏನಪ್ಪಾ ತಂದೆ, ಬಾಯಿ ತುಂಬ ನಗು ಅಂದಿ, ಇದ್ದ ಬಾಯಿನೂ ಕಸಕೊಂಡಿ. ಅಕ್ಷರ ನನ್ನವು ಇರಬಹುದು, ಮಾತು ನಿಂದು. ಆಡಿದ ಮ್ಯಾಲೆ ನಡಸಬೇಕು. ನಾ ಬಿಡಾಕಿ ಅಲ್ಲ.

"ಇಷ್ಟು ಕೋಪ ಇದ್ರೆ ಯಾಕಮ್ಮಾ ಚರ್ಚಿಗೆ ಹೋಗ್ತೀರಾ?" ಎಂದು ಮಗಳು ಒಮ್ಮೆ ಅಪರೂಪಕ್ಕೆ ಕನ್ನಡದಲ್ಲೇ ಕೇಳಿದಳು.

"ಇಲ್ಲದವನ ಜೋಡಿ ಯಾರರ ಜಗಳ ಆಡ್ತಾರೇನ? ಅದಾನ ಅಂತನ ಆಡ್ತೀನಿ" ಎಂದೆ. ಹೇಳಿದ ಮೇಲೆ ನನಗೇ ಅಳು ಬಂತು, ಸೆರಗಿನಿಂದ ಒರೆಸಿಕೊಂಡು ಗಂಜಿ ಇಳಿಸಿದೆ.

ಡಿಸೆಂಬರ್ ಬಂತು. ಬರೆಯುವವರು ಬೇರೆ ಯಾರಿದ್ದಾರೆ? ಸಿಟ್ಟಿನಲ್ಲೇ ಕಾಗದ ಹರಿಯುವ ಹಾಗೆ ಪೆನ್ನು ಒತ್ತಿ ಬರೆದೆ. ಈ ಸಲ ಶಿಲುಬೆಯ ವಚನಗಳನ್ನೂ ಸೇರಿಸಿದೆ, ಎಲ್ಲರಿಗೂ ರುಚಿ ಗೊತ್ತಾಗಲಿ. ಗೋಡೆಯ ಚೀಟಿ ಕಿತ್ತು ಪರ್ಸಿನಲ್ಲಿಟ್ಟುಕೊಂಡೆ. ಹೊಸ ವರ್ಷದ ಬೆಳಿಗ್ಗೆ ಇವರನ್ನು ಆಟೋದಲ್ಲಿ ಕೂರಿಸಿಕೊಂಡು, ಗಾಲಿಕುರ್ಚಿ ಮಡಚಿ ಹಿಂದೆ ತುರುಕಿ ಚರ್ಚಿಗೆ ಹೋದೆವು. ಬಾಗಿಲಲ್ಲೇ ಒಬ್ಬ ಅಕ್ಕ ನನ್ನ ಕೈ ಹಿಡಿದು, "ಹಳೇದು ಮರ್ತುಬಿಡ್ರಿ, ಈ ವರ್ಷ ಚಲೋ ಚೀಟಿ ಬರ್ತೈತಿ" ಎಂದಳು. ಹಳೆಯದನ್ನು ಮರೆಯುವುದೇ? ನನ್ನ ಮೈ ಉರಿದುಹೋಯಿತು.

ಬುಟ್ಟಿ ಹಿಡಿದು ಸಭಾಪಾಲಕರೇ ಬಂದರು. ಒಳ್ಳೆಯ ಮನುಷ್ಯ, ನಮ್ಮ ಕಡೆಯವರೇ.

"ತಗೋರಿ ಅಕ್ಕಾರ."

"ನನಗ ಬ್ಯಾಡ್ರಿ."

"ಹಂಗನ್ನಬಾರದು. ಆಶೀರ್ವಾದ ಇದು."

ಇಡೀ ಸಭೆ ತಿರುಗಿ ನೋಡುತ್ತಿತ್ತು. ಮಗಳು ಸೆರಗು ಜಗ್ಗಿದಳು. ನಾನು ಪರ್ಸಿನಿಂದ ಎಣ್ಣೆ ಕಲೆಯಾದ ಚೀಟಿ ತೆಗೆದು ಎತ್ತಿ ಹಿಡಿದೆ. ದನಿ ಸಣ್ಣದು ಮಾಡಬೇಕೆಂದೇ ಇದ್ದೆ, ಅದು ತಾನಾಗಿ ಏರಿತು. "ಹೋದ ವರ್ಷದ್ದ ಇನ್ನೂ ಬಂದಿಲ್ರೀ ಅಯ್ಯನೋರ! ಎಲ್ಲಾರೂ ದಯವಿಟ್ಟು ಗಮನಿಸ್ರಿ. ಸ್ವರ್ಗದಿಂದ ಬರಬೇಕಾದ ಗಾಡಿ ಒಂದು ವರ್ಷ ತಡಾ ಆಗೈತಿ. ಅದು ಬರೂತನಕ ನಾ ಈ ಪ್ಲಾಟ್‌ಫಾರ್ಮ್ ಬಿಟ್ಟು ಏಳಂಗಿಲ್ಲ!"

ಆಗ ನನ್ನ ಪಕ್ಕದಲ್ಲಿ ಬಾಗಿಲು ಕಿರುಗುಟ್ಟಿದಂಥ ಒಂದು ಸದ್ದಾಯಿತು. ಇವರಿಗೆ ಮತ್ತೆ ಏನೋ ಆಯಿತೆಂದುಕೊಂಡೆ. ತಿರುಗಿ ನೋಡಿದರೆ ಎಡ ಭುಜ ಕುಣಿಯುತ್ತಿದೆ, ಕಣ್ಣಲ್ಲಿ ನೀರು, ಜೊಲ್ಲು ಅಂಗಿಯ ಮೇಲೆ ಇಳಿಯುತ್ತಿದೆ. ನಗುತ್ತಿದ್ದರು. ಎಂಟು ತಿಂಗಳ ಮೇಲೆ, ಸೊಟ್ಟ ಬಾಯಲ್ಲಿ, ಚರ್ಚು ಎಂಬ ಹಂಗಿಲ್ಲದೆ ನಗುತ್ತಿದ್ದರು. ಮಗಳು ಅಪ್ಪನ ಕೊರಳಿಗೆ ಬಿದ್ದಳು. ನಾನು ಅವರ ಗಾಲಿಕುರ್ಚಿ ಹಿಡಿದುಕೊಂಡೆ.

"ಸ್ತೋತ್ರ, ಸ್ತೋತ್ರ! ನೋಡಿದ್ರ್ಯಾ ಅಕ್ಕಾರ, ವಾಗ್ದಾನ ನೆರವೇರ್ತು!" ಸಭಾಪಾಲಕರ ಕಣ್ಣೂ ತುಂಬಿತ್ತು. ಬುಟ್ಟಿಯನ್ನು ಇನ್ನಷ್ಟು ಹತ್ತಿರ ತಂದರು. "ಇನ್ನರ ಹೊಸಾದು ತಗೋರಿ."

ನಾನು ಇವರ ಗಲ್ಲ ಒರೆಸಿದೆ. ಎಡಗಡೆ ನಗುತ್ತಿತ್ತು, ಬಲಗಡೆ ಹಾಗೇ ಜೋತುಬಿದ್ದಿತ್ತು.

"ತಡೀರಿ ಅಯ್ಯನೋರ," ಎಂದೆ. "ಬಾಯಿ ತುಂಬ ಅಂತ ಬರದೈತಿ. ಇದು ಅರ್ಧಾ ಬಾಯಿ."

ಚೀಟಿಯನ್ನು ಮಡಚಿ ಪರ್ಸಿಗೆ ಹಾಕಿಕೊಂಡೆ. ಸಭಾಪಾಲಕರು ಏನೋ ಹೇಳಲು ಹೊರಟರು. ಅಷ್ಟರಲ್ಲಿ ನಮ್ಮ ಮನೆಯವರು ಇನ್ನೂ ನಗುತ್ತಲೇ ಎಡಗೈ ಎತ್ತಿ, "ಹಾಂ" ಎಂದು ಬುಟ್ಟಿಯನ್ನು ಆಚೆ ತಳ್ಳಿದರು.