ಸದಾಶಿವ ಖಾಲಿ ಬಿಟ್ಟ ಮಾತಿನ ಗುಳ್ಳೆಗಳು

ವಾರಿಜಾ, ನಿನ್ನ ಮೊಣಕಾಲು ನೋವು ಹೇಗಿದೆ?
ಲೋಕೇಶಾ, ಬಿಪಿ ಮಾತ್ರೆ ತಪ್ಪಿಸುತ್ತಿಲ್ಲ ತಾನೇ?
ಶಾಂತಕ್ಕಾ, ಹುಷಾರಾಗಿದ್ದೀರಾ?
ಕುವೈತಿನಿಂದ ಒಂದೇ ಬಸ್ಸಿನಲ್ಲಿ ಹೊರಟವರು ನಾವು... ಹೆದರಿಕೆಯಾಗಿ ಈ ಗ್ರೂಪಿನಲ್ಲಿ ಒಬ್ಬೊಬ್ಬರನ್ನೇ ಕೇಳುತ್ತಿದ್ದೇನೆ.

ನಮ್ಮ ಚಿತ್ರಗಾರ ಸದಾಶಿವ ಇಂದು ಬೆಳಿಗ್ಗೆ ತೀರಿಹೋದನಂತೆ.
ಸುಳ್ಳಿರಬೇಕೆಂದು ಮೂರು ಸಲ ಫೋನ್ ಮಾಡಿದೆ...
ಸುಳ್ಳಲ್ಲ.

ಕುವೈತಿನಲ್ಲಿ ಅವನಿಗೆ ಹಗಲು ಶುಐಬಾದ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಕೆಲಸ.
ಸಂಜೆ ನಮ್ಮ ಅಡುಗೆಮನೆಯ ಮೇಜಿನ ಮೇಲೆ, ಊರಿನ ಮಕ್ಕಳ ಪತ್ರಿಕೆಗೆ ಎಮ್ಮೆ, ಕಪ್ಪೆ, ನರಿಗಳ ಚಿತ್ರಕಥೆ.
ಅವು ಮಾತನಾಡುವ ಗುಳ್ಳೆಗಳನ್ನು ಮಾತ್ರ ಖಾಲಿ ಬಿಡುತ್ತಿದ್ದ... ಮಾತು ಅಂಟಿಸುವುದು ಬೆಂಗಳೂರಿನ ಪ್ರೆಸ್ಸಿನವರ ಕೆಲಸ.

ತೊಂಬತ್ತರಲ್ಲಿ ಇರಾಕಿನ ಸೈನ್ಯ ನುಗ್ಗಿತು. ತಿಂಗಳೊಳಗೆ ನಾವು ಬಸ್ ಹತ್ತಿದೆವು.
ಜಹ್ರಾ ಊರು ದಾಟಿದ ಮೇಲೆ ಇರಾಕಿನವರ ಚೆಕ್‌ಪೋಸ್ಟ್.
ಸೈನಿಕನೊಬ್ಬ ಸದಾಶಿವನ ಚೀಲದಿಂದ ಚಿತ್ರಕಥೆಯ ಹಾಳೆಯೊಂದನ್ನು ಎಳೆದ.
"ಶಿನು ಹಾದಾ?" ಏನಿದು ಎಂದು ಖಾಲಿ ಗುಳ್ಳೆಗೆ ಬೆರಳಿಟ್ಟ.
"ಮಾಫಿ ಕಲಾಮ್... ಮಾತೇ ಇಲ್ಲ ಸಾರ್," ಎಂದ ಸದಾಶಿವ.
ನಂಬಲಿಲ್ಲ. ಗುಪ್ತ ಬರಹ ಮೂಡೀತೆಂದು ಹಾಳೆಯ ಕೆಳಗೆ ಲೈಟರ್ ಹಿಡಿದ.
ಅಂಚು ಕಂದಿತು... ಏನೂ ಮೂಡಲಿಲ್ಲ.
ಸದಾಶಿವನನ್ನು ಇಳಿಸಿ ನಿಲ್ಲಿಸಿದ.

ಡ್ರೈವರ್ "ಯಲ್ಲಾ, ಯಲ್ಲಾ" ಎಂದು ಅವಸರಿಸುತ್ತಿದ್ದ.
ನನ್ನ ಮಡಿಲಲ್ಲಿ ಮೂರು ವರ್ಷದ ಮಗಳು.
"ಚಲೋ ಭಾಯಿ, ಚಲೋ! ಮಕ್ಕಳಿದ್ದಾರೆ!" ಎಂಬ ಕೂಗು ಎದ್ದಿತು.
"ಎಂಥ ಅಕ್ಕಾ, ಅವನನ್ನು ಬಿಟ್ಟು ಹೋಗುದಾ?" ಎಂದ ಲೋಕೇಶ.

ಹೌದು ಸದಾಶಿವಾ... ಕೂಗಿದವಳು ನಾನೇ ಮಾರಾಯಾ.
ನಿನಗೆ ಅನ್ನ ಬಡಿಸುತ್ತಿದ್ದ ಅಕ್ಕ.
ನೀನು ಕಿಟಕಿಯತ್ತ ನೋಡಿದೆ... ಕೇಳಿಸಿತ್ತು ನಿನಗೆ.
ಆಮೇಲೆ ಜೀಪಿನ ಬಾನೆಟ್ ಮೇಲೆ ಹಾಳೆ ಹರಡಿ, ಪ್ರತಿ ಗುಳ್ಳೆಯೊಳಗೂ ಕನ್ನಡದಲ್ಲಿ ಬರೆದೆ.
ಓದಲು ಬಾರದಿದ್ದರೂ ಅಕ್ಷರ ಕಂಡು ಸೈನಿಕನಿಗೆ ಸಮಾಧಾನ. "ಖಲಾಸ್," ಎಂದು ನಿನ್ನನ್ನು ಬಿಟ್ಟ.
ನೀನು ಹತ್ತಿ ಬಂದು ಹಾಳೆಯನ್ನು ನನ್ನ ಕೈಗೆ ಕೊಟ್ಟೆ.
ಎಮ್ಮೆ ಹೇಳಿದ್ದೂ ಅದೇ, ಕಪ್ಪೆ ಹೇಳಿದ್ದೂ ಅದೇ, ನರಿಯೂ...
"ಅಕ್ಕಾ, ಬಿಟ್ಟು ಹೋಗಬೇಡಿ."

ಊರಿಗೆ ಬಂದ ಮೇಲೆ ನೀನು ದಪ್ಪ ದಪ್ಪ ಕಾಮಿಕ್ ಪುಸ್ತಕಗಳನ್ನೇ ಮಾಡಿದೆ. ಮಾತೂ ನೀನೇ ಬರೆದೆ, ಪ್ರೆಸ್ಸಿನವರು ಗೊಣಗಿದರೂ.
"ಗುಳ್ಳೆ ಖಾಲಿ ಬಿಡ್ಲಿಕ್ಕೆ ಆಗುದಿಲ್ಲ ಅಕ್ಕಾ," ಅಂದಿದ್ದೆ ಒಮ್ಮೆ.
ಪ್ರತಿ ಪುಸ್ತಕವನ್ನೂ ನನಗೆ ಕಳಿಸಿದೆ.
ಆ ದಿನದ ಸುದ್ದಿ ನೀನು ಎತ್ತಲಿಲ್ಲ... ಎತ್ತುವ ಧೈರ್ಯ ನನಗೆ ಬರಲಿಲ್ಲ.
ಕ್ಷಮಿಸು ಅನ್ನಲು ಇಷ್ಟು ವರ್ಷ ಹೆದರಿದೆ. ಇನ್ನು ಯಾರ ಹತ್ತಿರ ಅನ್ನಲಿ?

ಹೋಗುವ ದಾರಿಯಲ್ಲಿ ಯಾರೂ ನಿನ್ನನ್ನು ಇಳಿಸಿ ನಿಲ್ಲಿಸದಿರಲಿ ತಮ್ಮಾ... ನಿನ್ನ ಜೀವಕ್ಕೆ ನೆಮ್ಮದಿ ಸಿಗಲಿ.

ಬಸ್ಸಿನವರೇ, ನನ್ನನ್ನು ಬೈಯುವುದಿದ್ದರೂ ಸರಿ...
ಹುಷಾರಾಗಿದ್ದೇವೆ ಎಂದು ಬೇಗ ಬರೆಯಿರಿ.