ಅಪ್ಪನ ಸೈಕಲ್ ಬೆಲ್ಲು

ದೋಣಿ ಸ್ಪರ್ಧೆಯಲ್ಲಿ ಹುಟ್ಟು ಹಾಕುವವರು ಗುರಿಗೆ ಬೆನ್ನು ಮಾಡಿ ಕೂರುತ್ತಾರೆ. ಮುಂದಿದ್ದರೆ ಸೋಲುತ್ತಿರುವವರ ಮುಖಗಳೆಲ್ಲ ಕಣ್ಣೆದುರಿಗೇ ಇರುತ್ತವೆ. ಆ ಮುಖಗಳನ್ನು ನೋಡುವುದೆಂದರೆ ನನಗೆ ಬಲು ಇಷ್ಟ, ಸುಳ್ಳೇಕೆ ಹೇಳಲಿ. ಸೈನ್ಯದಲ್ಲಿದ್ದಾಗ ಹೀಗೆ ರಾಷ್ಟ್ರಮಟ್ಟದಲ್ಲಿ ಎರಡು ಪದಕ ಗೆದ್ದೆ. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಭುಜದ ಕೀಲು ಕೆಟ್ಟಿತು. ಡಾಕ್ಟರು ಇನ್ನು ಹುಟ್ಟು ಮುಟ್ಟಬೇಡಿ ಎಂದರು. ನೌಕರಿ ಬಿಟ್ಟು ಗುಬ್ಬಿಗೆ ಬಂದು, ಅಪ್ಪನ ಸೈಕಲ್ ಶಾಪಿನ ಬೆಂಚಿನ ಮೇಲೆ ಮುಖ ಊದಿಸಿಕೊಂಡು ಕೂತೆ.

"ಕಾಲು ನೆಟ್ಟಗವೆ ತಾನೆ? ತುಳಿ," ಎಂದ ಅಪ್ಪ, ಹಳೆಯ ರೇಸ್ ಸೈಕಲ್ಲೊಂದನ್ನು ರಿಪೇರಿ ಮಾಡಿ ಕೊಟ್ಟ.

ತುಮಕೂರಿನ ಮೊದಲ ರೇಸಿನಲ್ಲೇ ಎಲ್ಲರಿಗಿಂತ ಮುಂದಿದ್ದೆ. ಹಾಳು ಚಟ! ಕ್ಯಾತ್ಸಂದ್ರದ ಹತ್ತಿರ, ಸೋಲುವವರ ಮುಖ ನೋಡೋಣವೆಂದು ತಿರುಗಿದೆ. ಸೈಕಲ್ ಸೀದಾ ಚರಂಡಿಗೆ ಹೋಯಿತು.

"ದೋಣಿ ಮುಳುಗ್ತೇನ್ಲಾ?" ಎಂದು ಯಾರೋ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಮುಂದಿನ ರೇಸು ತುಮಕೂರಿನಿಂದ ಕುಣಿಗಲ್‌ಗೆ. ಮೊದಲ ಮೂವರಿಗೆ ರಾಜ್ಯ ತಂಡದ ಆಯ್ಕೆಗೆ ಕರೆ. ಮೂವತ್ತು ದಾಟಿದ್ದ ನನಗೆ ಇನ್ನೊಂದು ಅವಕಾಶ ಸಿಗುವಂತಿರಲಿಲ್ಲ.

"ನನ್ ಕೈಲಾಗಲ್ಲ ಕಣಪ್ಪ. ಕತ್ತು ತಾನಾಗೇ ತಿರುಗ್ತದೆ," ಎಂದೆ.

"ದಿನಾ ನಾನು ಬೆಲ್ ಹೊಡ್ಕಂಡು ಹಿಂದೆ ಬರ್ತೀನಿ. ತಿರುಗ್ಬೇಡ. ಹಿಂದೆ ಇರೋನು ನಾನೇ ಅಂದ್ಕೊ, ಬುಡು."

ಮರುದಿನದಿಂದ ಬೆಳಗ್ಗೆ ಗುಬ್ಬಿ ರಸ್ತೆಯಲ್ಲಿ ನಾನು ಮುಂದೆ, ಪಂಚೆ ಎತ್ತಿ ಕಟ್ಟಿದ ಅಪ್ಪ ತನ್ನ ಕರಿ ಸೈಕಲ್ಲಿನಲ್ಲಿ ಹಿಂದೆ. ಮೊದಮೊದಲು ಬೆಲ್ಲು ಬೆನ್ನಿಗೇ ಅಂಟಿಕೊಂಡಂತೆ ಕೇಳುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ ಕೇಳಿಸುವುದೇ ಕಷ್ಟವಾಯಿತು.

ರೇಸಿನ ದಿನ ಬಾವುಟ ಬೀಸಿದ ಮೇಲೆ ಊರಿಗೆ ಹೋಗುತ್ತೇನೆಂದಿದ್ದ ಅಪ್ಪ. ಹೆಬ್ಬೂರು ದಾಟಿದಾಗ ನನ್ನ ಮುಂದೆ ಇಬ್ಬರಿದ್ದರು. ಹಿಂದೆ ಚಕ್ರಗಳ ಸದ್ದು ಹತ್ತಿರವಾಯಿತು. ಎಷ್ಟು ಜನ? ಎಷ್ಟು ದೂರ? ಕತ್ತು ತುರಿಸಿದಂತಾಯಿತು. ಹಿಂದೆ ಇರೋನು ಅಪ್ಪನೇ ಅಂದುಕೊಂಡು ತುಳಿದೆ.

ಕುಣಿಗಲ್ಲಿನಲ್ಲಿ ಮೂರನೆಯವನಾಗಿ ಗೆರೆ ದಾಟಿದೆ. ಆಯ್ಕೆಯ ಪಟ್ಟಿಯಲ್ಲಿ ನನ್ನ ಹೆಸರು ಬರೆದುಕೊಂಡರು. ಕೆರೆ ಏರಿಯ ಮೇಲೆ ಕೂತು ನೀರು ನೋಡುತ್ತಿದ್ದೆ. ಬಹಳ ದಿನಗಳ ಮೇಲೆ ನೀರು ನೋಡಿದರೆ ಸಂಕಟವಾಗಲಿಲ್ಲ.

ಒಂದು ಗಂಟೆ ಕಳೆದಿರಬೇಕು. ಬೆನ್ನ ಹಿಂದೆ ಗುರುತಿನ ಬೆಲ್ಲು ಕೇಳಿಸಿತು. ತಿರುಗಿದೆ. ಬೆವರಿನಲ್ಲಿ ತೊಯ್ದ ಅಪ್ಪ ತುಮಕೂರಿನಿಂದ ಅಷ್ಟು ದೂರವೂ ತುಳಿದುಕೊಂಡೇ ಬಂದಿದ್ದ.

"ಏನ್ಲಾ, ತಿರುಗಿ ನೋಡ್ದೇನೋ?" ಎಂದು ಅಲ್ಲಿಂದಲೇ ಕೂಗಿದ.

"ಇಲ್ಲಪ್ಪ, ಈಗ್ಲೇ ನೋಡಿದ್ದು," ಎಂದೆ. ಅಳು ತಡೆಯಲಾಗಲಿಲ್ಲ.